ಗೋದಿಯ ಅಂಟೂ ಒಡಲಿನ ಒಳಜಗಳವೂ

ಕೃಷ್ಣೆ ತುಂಗಭದ್ರೆಗಳ ನಡುವೆ ಚಾಚಿಕೊಂಡಿರುವ ರಾಯಚೂರು ಸೀಮೆಯಲ್ಲಿ ಊಟವೆಂದರೆ ರೊಟ್ಟಿ, ರೊಟ್ಟಿಯೆಂದರೆ ಜೋಳದ್ದು, ಎಂಬ ಮಾತು ಇಂದಿಗೂ ಪೂರ್ತಿಯಾಗಿ ಸುಳ್ಳಾಗಿಲ್ಲ. ದೇವದುರ್ಗದ ಎರೆಹೊಲಗಳಲ್ಲಿ ಹಿಂಗಾರಿನ ಬಿಳಿಜೋಳವೂ ಮಸಾರಿ ನೆಲದಲ್ಲಿ ಸಜ್ಜೆ ನವಣೆಗಳೂ ತಲೆಮಾರುಗಳಿಂದ ಬೆಳೆದುಬಂದುವು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಯ ನೀರು ಮಾನ್ವಿಯ ಕಡೆಗೆ ಹರಿದ ತರುವಾಯ, ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲಸಿದ ರೈತರನ್ನು ಅನುಸರಿಸಿ ಅಲ್ಲಿನ ನೆಲವು ಬತ್ತದ ಗದ್ದೆಯಾಯಿತು. ಮುಂದೆ ನಾರಾಯಣಪುರದ ಬಲದಂಡೆ ಕಾಲುವೆಯು ದೇವದುರ್ಗಕ್ಕೂ ಅದೇ ಮಾರ್ಪಾಟನ್ನು ತಂದಿತು. ಜೋಳ, ಸಜ್ಜೆ, ನವಣೆ, ಅಕ್ಕಿ ಇವುಗಳಲ್ಲಿ ಯಾವುದರಲ್ಲಿಯೂ ಗೋದಿಯಲ್ಲಿರುವ ಗ್ಲೂಟೆನ್ ಇಲ್ಲ. ಗೋದಿಯು ಇಲ್ಲಿ ಬಹುಕಾಲ ಹಬ್ಬದ ಧಾನ್ಯವಾಗಿ, ಹೋಳಿಗೆ ಹುಗ್ಗಿಗಳ ರೂಪದಲ್ಲಿ ಮಾತ್ರ ಮನೆಯೊಳಕ್ಕೆ ಬರುತ್ತಿದ್ದಿತು. ಈಗಲಾದರೋ ಸಕ್ಕರೆ ಕಾಯಿಲೆಯವರು ಅನ್ನವನ್ನು ಬಿಟ್ಟು ಚಪಾತಿಯನ್ನು ಹಿಡಿದಿದ್ದಾರೆ, ಬಸ್ ನಿಲ್ದಾಣದ ಬೇಕರಿಯ ಬನ್ನು ಬಿಸ್ಕತ್ತುಗಳು ಮಕ್ಕಳ ಬೆಳಗಿನ ಆಹಾರವಾಗಿವೆ. ಅದೇ ಹೊತ್ತಿನಲ್ಲಿ, ಗೋದಿಯೇ ಸಕಲ ರೋಗಗಳ ಮೂಲವೆಂದೂ ಅದನ್ನು ತ್ಯಜಿಸಿದ ಮಾತ್ರಕ್ಕೆ ಸಂಧಿವಾತ, ಥೈರಾಯ್ಡ್, ತೊನ್ನು ಮುಂತಾದುವೆಲ್ಲ ಗುಣವಾಗುವುವೆಂದೂ ಸಾರುವ ಉಪದೇಶವೂ ಮೊಬೈಲುಗಳ ಮೂಲಕ ಊರೂರಿಗೆ ತಲಪಿದೆ. ಈ ಉಪದೇಶದಲ್ಲಿ ಸತ್ಯವೆಷ್ಟು, ಉತ್ಪ್ರೇಕ್ಷೆಯೆಷ್ಟು ಎಂಬುದನ್ನು ಪರಿಶೀಲಿಸುವುದಕ್ಕೆ ಜೋಳದ ನಾಡಿಗಿಂತ ತಕ್ಕ ನೆಲೆ ಇನ್ನೊಂದಿರಲಾರದು.

ಗ್ಲೂಟೆನ್ ಎಂಬುದು ಏನೆಂದು ಪ್ರಯೋಗಶಾಲೆಗಿಂತ ಬೇಗನೆ ಅಡುಗೆಮನೆಯಲ್ಲಿ ತಿಳಿಯುತ್ತದೆ. ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿದರೆ ಅದು ಒಂದುಗೂಡದು; ಎಸರಿಟ್ಟು, ಕುದಿಯುವ ನೀರನ್ನು ಹಿಟ್ಟಿನ ನಡುವಿನ ಗುಳಿಗೆ ಸುರಿದು, ಬಿಸಿ ಆರುವುದಕ್ಕೆ ಮುಂಚೆಯೇ ಅಂಗೈಯಿಂದ ನಾದಿ, ಒಣಹಿಟ್ಟು ಉದುರಿಸಿದ ಹಲಗೆಯ ಮೇಲೆ ತಿರುಗಿಸುತ್ತ ತಟ್ಟಬೇಕು; ಅಂಚು ಬಿರಿಯದಂತೆ ತಟ್ಟುವ ಕೈಗೆ ವರ್ಷಗಳ ಅಭ್ಯಾಸ ಬೇಕು. ಹೋಳಿಗೆಯ ಕಣಕವಾದರೋ ತಣ್ಣೀರಿನಲ್ಲಿಯೇ ನೆನೆದು, ಎಳೆದಷ್ಟೂ ಹಿಗ್ಗಿ, ಹೂರಣವನ್ನು ಹರಿಯದೆ ಒಳಗಿಟ್ಟುಕೊಳ್ಳುತ್ತದೆ. ಆ ಜಿಗಿಯೇ ಗ್ಲೂಟೆನ್. ಇಟಲಿಯ ಬೊಲೋನ್ಯ ನಗರದ ಬೆಕ್ಕಾರಿ ಎಂಬ ಪಂಡಿತನು ಗೋದಿಹಿಟ್ಟಿನ ಮುದ್ದೆಯನ್ನು ನೀರಿನಲ್ಲಿ ತೊಳೆತೊಳೆದು, ಪಿಷ್ಟವೆಲ್ಲ ಹರಿದುಹೋದ ಬಳಿಕ ಕೈಯಲ್ಲುಳಿದ ಅಂಟನ್ನು 1728ರಲ್ಲಿ ಅಲ್ಲಿನ ವಿದ್ವತ್ಸಭೆಯ ಮುಂದೆ ವರ್ಣಿಸಿದನು. ಅದು ಮುದ್ರಿತವಾದುದು 1745ರಲ್ಲಿ. ಗ್ಲಯಾಡಿನ್, ಗ್ಲೂಟೆನಿನ್ ಎಂಬ ಎರಡು ಬಗೆಯ ಪ್ರೋಟೀನುಗಳು ಅದರ ಘಟಕಗಳು. ಬಾರ್ಲಿಯಲ್ಲಿಯೂ ರೈ ಎಂಬ ಶೀತದೇಶದ ಧಾನ್ಯದಲ್ಲಿಯೂ ಇವುಗಳ ಸೋದರ ಪ್ರೋಟೀನುಗಳಿವೆ. ಬೆಳಗಾವಿ ಬಾಗಲಕೋಟೆಗಳ ಕಡೆ ಬೆಳೆಯುವ ಜವೆಗೋದಿಯನ್ನು ಕೆಲವರು ಗ್ಲೂಟೆನ್ ಇಲ್ಲದ ಗೋದಿಯೆಂದು ಮಾರುವುದುಂಟು; ಅದು ತಪ್ಪು. ಜವೆಗೋದಿಯೂ ಗೋದಿಯೇ, ಅದರಲ್ಲಿಯೂ ಗ್ಲೂಟೆನ್ ಇದೆ.

ಇನ್ನು ರೋಗದ ವಿಷಯ. ಉಂಡದ್ದು ಮೈಗೆ ಹತ್ತದೆ, ಹೊಟ್ಟೆಯುಬ್ಬಿ, ಕೈಕಾಲು ಸೊರಗಿ, ಪದೇಪದೇ ಭೇದಿಯಾಗುವ ಒಂದು ವ್ಯಾಧಿಯನ್ನು ಪ್ರಾಚೀನ ಗ್ರೀಕ್ ವೈದ್ಯನಾದ ಅರಿಟಿಯಸನು ಬರೆದಿಟ್ಟಿದ್ದನು. 1888ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಗೀ ಅದನ್ನು ಮಕ್ಕಳಲ್ಲಿ ನಿಖರವಾಗಿ ವಿವರಿಸಿ, ಇದು ಗುಣವಾಗುವುದಾದರೆ ಪಥ್ಯದಿಂದಲೇ ಗುಣವಾಗಬೇಕೆಂದು ಊಹಿಸಿದನು. ಆದರೆ ಯಾವ ಪಥ್ಯವೆಂಬುದು ಆತನಿಗೆ ಹೊಳೆಯಲಿಲ್ಲ. 1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯವನ್ನು ಬಳಕೆಗೆ ತಂದನು. ಮಕ್ಕಳು ಚೇತರಿಸಿಕೊಂಡರು, ಶ್ರೇಯಸ್ಸು ಬಾಳೆಹಣ್ಣಿಗೆ ಸಂದಿತು, ಆ ಪಥ್ಯದಲ್ಲಿ ಬ್ರೆಡ್ಡು ಇಲ್ಲದಿದ್ದುದರ ಮಹತ್ವವನ್ನು ಯಾರೂ ಗಮನಿಸಲಿಲ್ಲ. ಗಮನಿಸಿದವನು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಂ ಕಾರೆಲ್ ಡಿಕ್ಕೆ. ಗೋದಿಯಿಲ್ಲದ ಪಥ್ಯವನ್ನು ಕುರಿತು ಆತನು 1941ರಲ್ಲಿಯೇ ಬರೆದಿದ್ದನು. 1944-45ರ ಚಳಿಗಾಲದಲ್ಲಿ ಯುದ್ಧದ ದೆಸೆಯಿಂದ ದೇಶದಲ್ಲಿ ಬ್ರೆಡ್ಡೇ ದುರ್ಲಭವಾಗಿ ಜನ ಹಸಿವಿನಿಂದ ಸಾಯುತ್ತಿದ್ದ ಕಾಲದಲ್ಲಿ ಈ ರೋಗದ ಮಕ್ಕಳು ಮಾತ್ರ ಸುಧಾರಿಸಿದುದು ಆತನ ನಂಬುಗೆಯನ್ನು ದೃಢಪಡಿಸಿತು. 1950ರಲ್ಲಿ ಉಟ್ರೆಕ್ಟಿನಲ್ಲಿ ಸಲ್ಲಿಸಿದ ಪ್ರಬಂಧವೂ, ಮುಂದೆ ಸಂಗಡಿಗರೊಡನೆ ಪ್ರಕಟಿಸಿದ ಪ್ರಯೋಗಗಳೂ ಗೋದಿಯ ಅಂಟನ್ನೇ ಅಪರಾಧಿಯೆಂದು ನಿಲ್ಲಿಸಿದುವು. ಈ ರೋಗಕ್ಕೆ ಸೀಲಿಯಾಕ್ ಎಂದು ಹೆಸರು.

ಸೀಲಿಯಾಕ್ ರೋಗವು ಬರಿಯ ಅಜೀರ್ಣವಲ್ಲ, ಅಲರ್ಜಿಯೂ ಅಲ್ಲ. ಹೊರಗಿನ ಕ್ರಿಮಿಗಳನ್ನು ಎದುರಿಸತಕ್ಕ ದೇಹದ ರಕ್ಷಣಾವ್ಯವಸ್ಥೆಯು ತನ್ನ ಅಂಗಗಳ ಮೇಲೆಯೇ ತಿರುಗಿಬೀಳುವ, ವೈದ್ಯರು ಆಟೋಇಮ್ಯೂನ್ ಎನ್ನುವ ಸ್ವಪ್ರತಿರಕ್ಷಾ ರೋಗಗಳ ಪಂಕ್ತಿಗೆ ಸೇರಿದುದು. ಗ್ಲಯಾಡಿನ್ನಿನಲ್ಲಿ ಪ್ರೋಲಿನ್, ಗ್ಲುಟಮೀನ್ ಎಂಬ ಅಮೈನೋ ಆಮ್ಲಗಳು ದಟ್ಟವಾಗಿರುವುದರಿಂದ ನಮ್ಮ ಜೀರ್ಣರಸಗಳು ಅದನ್ನು ಪೂರ್ತಿಯಾಗಿ ಕತ್ತರಿಸಲಾರವು. 33 ಅಮೈನೋ ಆಮ್ಲಗಳ ಒಂದು ತುಣುಕು ಹಾಗೆಯೇ ಉಳಿಯುವುದನ್ನು 2002ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಇಂಥ ತುಣುಕುಗಳು ಕರುಳಿನ ಗೋಡೆಯನ್ನು ದಾಟಿದಾಗ, ಗಾಯ ಮಾಯಿಸುವ ಕೆಲಸದ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ನಮ್ಮದೇ ಕಿಣ್ವವು ಅವುಗಳನ್ನು ತುಸು ಮಾರ್ಪಡಿಸುತ್ತದೆ. ಮಾರ್ಪಟ್ಟ ತುಣುಕನ್ನು ಡಿಕ್ಯು2 ಅಥವಾ ಡಿಕ್ಯು8 ಎಂಬ ಆನುವಂಶಿಕ ಗುರುತುಳ್ಳವರ ಜೀವಕೋಶಗಳು ಬಿಗಿಯಾಗಿ ಹಿಡಿದು ಶತ್ರುವೆಂದು ತೋರಿಸುತ್ತವೆ. 1997ರಲ್ಲಿ ಜರ್ಮನಿಯ ಡೀಟೆರಿಕ್, ಶುಪ್ಪಾನ್ ಮೊದಲಾದವರು, ಈ ರೋಗಿಗಳ ರಕ್ತದಲ್ಲಿ ಕಾಣುವ ಪ್ರತಿಕಾಯಗಳು ಗುರಿಯಿಡುವುದು ಆ ಕಿಣ್ವಕ್ಕೇ ಎಂದು ಸಾಧಿಸಿದರು. ಕಳ್ಳನ ಕೈಹಿಡಿದು ನಿಲ್ಲಿಸಿದ ಮನೆಯವನನ್ನೇ ಊರವರು ಕಳ್ಳನೊಡನೆ ಸೇರಿಸಿ ಬಡಿದಂತಾಯಿತು. ಪರಿಣಾಮವಾಗಿ ಸಣ್ಣಕರುಳಿನ ಒಳಮೈಯಲ್ಲಿ ಆಹಾರವನ್ನು ಹೀರುವ ಬೆರಳಿನಾಕಾರದ ಎಸಳುಗಳು ಸವೆದು ಸಮತಟ್ಟಾಗುತ್ತವೆ. ಕಬ್ಬಿಣವೂ ಸುಣ್ಣದ ಸತ್ತ್ವವೂ ರಕ್ತಕ್ಕೆ ಸೇರುವುದಿಲ್ಲ. ಗೋದಿಯನ್ನು ಬಿಟ್ಟರೆ ಎಸಳುಗಳು ಮತ್ತೆ ಚಿಗುರುತ್ತವೆ. ಸ್ವಪ್ರತಿರಕ್ಷಾ ರೋಗಗಳಲ್ಲಿ ಕೆಣಕುವ ವಸ್ತು ಇದೇ ಎಂದು ಸ್ಪಷ್ಟವಾಗಿ ಗೊತ್ತಾಗಿರುವುದೂ, ಅದನ್ನು ತೆಗೆದರೆ ರೋಗವು ಶಮನವಾಗುವುದೂ ಸೀಲಿಯಾಕಿನ ವಿಶೇಷ. ಉಳಿದ ವಾದಗಳೆಲ್ಲ ಹುಟ್ಟಿಕೊಂಡುದು ಈ ವಿಶೇಷದ ಬೆನ್ನಲ್ಲಿ.

ಒಂದು ಸ್ವಪ್ರತಿರಕ್ಷಾ ರೋಗಕ್ಕೆ ಗೋದಿ ಕಾರಣವಾಗಬಲ್ಲುದಾದರೆ ಬೇರೆಯವಕ್ಕೂ ಏಕಾಗಬಾರದು ಎಂಬ ಪ್ರಶ್ನೆ ಸಹಜವೇ. ಸಂಬಂಧವಿರುವುದು ನಿಶ್ಚಯ. ಬಾಲ್ಯದಲ್ಲಿಯೇ ಇನ್ಸುಲಿನ್ ಬೇಕಾಗುವ ಒಂದನೆಯ ಬಗೆಯ ಮಧುಮೇಹಿಗಳಲ್ಲಿ ನೂರಕ್ಕೆ ಸುಮಾರು 3ರಿಂದ 8 ಮಂದಿಗೂ, ಸ್ವಪ್ರತಿರಕ್ಷೆಯಿಂದ ಥೈರಾಯ್ಡ್ ಕೆಟ್ಟವರಲ್ಲಿ 2ರಿಂದ 5 ಮಂದಿಗೂ ಸೀಲಿಯಾಕ್ ರೋಗವಿರುವುದು ಹಲವು ದೇಶಗಳಲ್ಲಿ ಕಂಡುಬಂದಿದೆ. ಸಾಮಾನ್ಯ ಜನರಲ್ಲಿ ಆ ಪ್ರಮಾಣ ನೂರಕ್ಕೆ ಒಂದರ ಆಸುಪಾಸು. ಮೊಣಕೈ ಮೊಣಕಾಲುಗಳಲ್ಲಿ ತುರಿಕೆಯ ಗುಳ್ಳೆಗಳೇಳುವ ಡರ್ಮಟೈಟಿಸ್ ಹರ್ಪಿಟಿಫಾರ್ಮಿಸ್ ಎಂಬ ಚರ್ಮರೋಗವು ಸೀಲಿಯಾಕಿನ ಇನ್ನೊಂದು ಮುಖವೇ ಆಗಿದ್ದು, ಗೋದಿಯನ್ನು ಬಿಡುವುದರಿಂದ ಅದೂ ತಗ್ಗುತ್ತದೆ. ಆದರೆ ಜೊತೆಯಲ್ಲಿ ಕಾಣಿಸಿಕೊಂಡುದೆಲ್ಲ ಒಂದರಿಂದ ಒಂದು ಹುಟ್ಟಿದ್ದೆಂದು ಹೇಳಲಾಗದು. ಸೀಲಿಯಾಕಿಗೆ ದಾರಿಮಾಡುವ ಅವೇ ಡಿಕ್ಯು2, ಡಿಕ್ಯು8 ಗುರುತುಗಳು ಬಾಲ್ಯದ ಮಧುಮೇಹಕ್ಕೂ ದಾರಿಮಾಡುತ್ತವೆ. ಒಂದೇ ಬೇರಿನಿಂದ ಎರಡು ರೋಗಗಳು ಮೂಡಿರುವಾಗ ಎರಡನೆಯದಕ್ಕೆ ಗೋದಿಯನ್ನು ದೂರುವುದು ನ್ಯಾಯವಲ್ಲ.

ಇಲ್ಲಿ ಇಟಲಿಯ ಒಂದು ವಾದವಿವಾದ ಸ್ಮರಣೀಯವಾದುದು. 1999ರಲ್ಲಿ ವೆಂಟೂರ ಮತ್ತು ಸಂಗಡಿಗರು 909 ಮಂದಿ ಸೀಲಿಯಾಕ್ ರೋಗಿಗಳನ್ನು ಪರಿಶೀಲಿಸಿ, ಎರಡು ವರ್ಷ ವಯಸ್ಸಿನೊಳಗೆ ರೋಗವು ಪತ್ತೆಯಾಗಿ ಗೋದಿಯನ್ನು ಬಿಟ್ಟವರಲ್ಲಿ ಇತರ ಸ್ವಪ್ರತಿರಕ್ಷಾ ರೋಗಗಳು ನೂರಕ್ಕೆ 5ರಷ್ಟಿದ್ದರೆ, ಹತ್ತು ವರ್ಷ ವಯಸ್ಸು ದಾಟಿದ ಮೇಲೆ ಪತ್ತೆಯಾದವರಲ್ಲಿ 23ನ್ನು ಮೀರಿತ್ತೆಂದು ವರದಿಮಾಡಿದರು. ಗೋದಿ ತಿಂದ ಕಾಲವು ದೀರ್ಘವಾದಷ್ಟೂ ಅಪಾಯ ಹೆಚ್ಚೆಂಬುದು ಅವರ ತೀರ್ಮಾನ. ಎರಡೇ ವರ್ಷಗಳಲ್ಲಿ, ಅದೇ ದೇಶದಿಂದ, ವಯಸ್ಕ ರೋಗಿಗಳನ್ನು ಪರೀಕ್ಷಿಸಿದ ಇನ್ನೊಂದು ಗುಂಪು ಅಂಥ ಸಂಬಂಧವೇ ತಮಗೆ ಕಾಣಲಿಲ್ಲವೆಂದು ಬರೆಯಿತು. ವಯಸ್ಸಾದಂತೆಲ್ಲ ಇಂಥ ರೋಗಗಳು ಹೇಗೂ ಹೆಚ್ಚುವುದರಿಂದ ಗೋದಿಯ ಪಾಲನ್ನೂ ವಯಸ್ಸಿನ ಪಾಲನ್ನೂ ಬೇರ್ಪಡಿಸುವುದು ಕಷ್ಟ. ಇಲಿಗಳಲ್ಲಿ ಗ್ಲೂಟೆನ್ ಇಲ್ಲದ ಮೇವು ಮಧುಮೇಹವನ್ನು ತಗ್ಗಿಸಿದುದು ನಿಜ. ಇಲಿಗೆ ಒಗ್ಗಿದ ಚಿಕಿತ್ಸೆಗಳೆಲ್ಲ ಮನುಷ್ಯನಿಗೆ ಒಗ್ಗುವಂತಿದ್ದರೆ ವೈದ್ಯಶಾಸ್ತ್ರದ ಅರ್ಧ ಸಮಸ್ಯೆಗಳು ಎಂದೋ ಬಗೆಹರಿದಿರುತ್ತಿದ್ದುವು.

ಸೀಲಿಯಾಕ್ ಇಲ್ಲದೆಯೂ ಗೋದಿ ತಿಂದರೆ ಹೊಟ್ಟೆಯುಬ್ಬರ, ತಲೆಭಾರ, ಆಯಾಸ ಎನ್ನುವವರ ಪಂಗಡವೊಂದಿದೆ. ಇದನ್ನು ಸೀಲಿಯಾಕೇತರ ಗ್ಲೂಟೆನ್ ಸಂವೇದನೆ ಎನ್ನುತ್ತಾರೆ. ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾನಿಲಯದವರು 2011ರಲ್ಲಿ ಇದನ್ನು ಸಮರ್ಥಿಸುವ ಪ್ರಯೋಗವನ್ನು ಪ್ರಕಟಿಸಿದರು. 2013ರಲ್ಲಿ ಅವರೇ ಇನ್ನಷ್ಟು ಬಿಗಿಯಾದ ಪಥ್ಯವಿಟ್ಟು ಪರೀಕ್ಷಿಸಿ, ಗ್ಲೂಟೆನ್ನಿಗೆ ಪ್ರತ್ಯೇಕವಾದ ದೋಷ ಕಾಣದೆಂದು ತಮ್ಮ ಮಾತನ್ನು ತಾವೇ ತಿದ್ದಿಕೊಂಡುದು ವಿಜ್ಞಾನಕ್ಕೆ ಶೋಭೆ ತರುವ ನಡತೆ. 2018ರಲ್ಲಿ ನಾರ್ವೆಯ ಓಸ್ಲೊದಲ್ಲಿ ಈ ಪಂಗಡದ 59 ಮಂದಿಗೆ, ಯಾವುದನ್ನು ತಿನ್ನುತ್ತಿದ್ದೇವೆಂಬುದು ಅವರಿಗೆ ತಿಳಿಯದಂತೆ, ಗ್ಲೂಟೆನ್ನನ್ನು ಒಮ್ಮೆ, ಗೋದಿಯಲ್ಲಿಯೂ ಉಳ್ಳಾಗಡ್ಡಿ ಬೆಳ್ಳುಳ್ಳಿಗಳಲ್ಲಿಯೂ ಇರುವ ಫ್ರಕ್ಟಾನ್ ಎಂಬ ಶರ್ಕರವನ್ನು ಒಮ್ಮೆ ಕೊಟ್ಟು ನೋಡಿದಾಗ ತೊಂದರೆ ಕೊಟ್ಟುದು ಫ್ರಕ್ಟಾನ್, ಗ್ಲೂಟೆನ್ ಅಲ್ಲ. ಈ ಪಂಗಡದವರಲ್ಲಿಯೂ ಸ್ವಪ್ರತಿರಕ್ಷಾ ರೋಗಗಳು ಹೆಚ್ಚೆಂದು 2015ರಲ್ಲಿ ಇಟಲಿಯ ಕಾರೋಚ್ಯೊ ಮತ್ತು ಸಂಗಡಿಗರು ಹೇಳಿದರು. ಆದರೆ ದೊಡ್ಡಾಸ್ಪತ್ರೆಗೆ ಬರುವವರು ಹಲವು ವೈದ್ಯರನ್ನು ಕಂಡು ಬೇಸತ್ತ, ಮೊದಲೇ ಜಟಿಲ ರೋಗಗಳುಳ್ಳ ಜನ. ಅಲ್ಲಿನ ಎಣಿಕೆಯನ್ನು ಊರಿಗೆಲ್ಲ ಅನ್ವಯಿಸುವುದು ಯುಕ್ತವೆಂದು ನನಗೆ ತೋರುವುದಿಲ್ಲ. ಗ್ಲೂಟೆನ್ ಕರುಳಿನ ಗೋಡೆಯನ್ನು ಸಡಿಲಿಸಿ ವಿಷವಸ್ತುಗಳನ್ನು ಒಳಬಿಡುವುದೆಂಬ ಇನ್ನೊಂದು ವಾದ, 2000ದಲ್ಲಿ ಫಸಾನೊ ಎಂಬ ವೈದ್ಯನು ಜೋನ್ಯುಲಿನ್ ಎಂಬ ಪ್ರೋಟೀನನ್ನು ಮುಂದಿಟ್ಟ ದಿನದಿಂದ ಬಹಳ ಜನಪ್ರಿಯವಾಯಿತು. ಅದನ್ನು ಅಳೆಯುವುದಾಗಿ ಮಾರುವ ಪರೀಕ್ಷಾಸಾಧನಗಳು ನಿಜವಾಗಿ ಬೇರೆ ಪ್ರೋಟೀನುಗಳನ್ನು ಅಳೆಯುತ್ತಿವೆಯೆಂದು ಮುಂದೆ ಬಯಲಾಯಿತು. ಆ ವಾದವು ಬಿದ್ದೇಹೋಗಿಲ್ಲವಾದರೂ ಅದನ್ನು ನೆಮ್ಮಿ ಪಥ್ಯ ಬೋಧಿಸುವುದು ಆತುರದ ಕೆಲಸ.

ಭಾರತದ ಲೆಕ್ಕ ನಮಗೆ ಹೆಚ್ಚು ಉಪಯುಕ್ತವಾದುದು. ದೆಹಲಿಯ ಸುತ್ತಮುತ್ತ ಮಖಾರಿಯಾ ಮತ್ತು ಸಂಗಡಿಗರು ನಡೆಸಿ 2011ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 96 ಮಂದಿಗೆ ಒಬ್ಬರಂತೆ ಸೀಲಿಯಾಕ್ ಕಂಡುಬಂದಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಬಹುಕಾಲ ದುಡಿದ ಬಿ. ಎಸ್. ರಾಮಕೃಷ್ಣ ಮತ್ತು ಸಂಗಡಿಗರು ದೇಶದ ಮೂರು ಭಾಗಗಳ 23,331 ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಹೊರತಂದ ವರದಿ ಇದಕ್ಕಿಂತ ಅರ್ಥಪೂರ್ಣವಾದುದು: ಸೀಲಿಯಾಕಿನ ಪ್ರಮಾಣ ಉತ್ತರದಲ್ಲಿ ನೂರಕ್ಕೆ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ ಬರಿಯ 0.10. ಗೋದಿಯ ಸೇವನೆ ದಿನಕ್ಕೆ ಉತ್ತರದಲ್ಲಿ 455 ಗ್ರಾಂ, ಈಶಾನ್ಯದಲ್ಲಿ 37, ದಕ್ಷಿಣದಲ್ಲಿ 25. ಆದರೆ ರೋಗಕ್ಕೆ ಎಡೆಕೊಡುವ ಆನುವಂಶಿಕ ಗುರುತುಳ್ಳವರು ಉತ್ತರದಲ್ಲಿ ನೂರಕ್ಕೆ 38ರಷ್ಟಿದ್ದರೆ ದಕ್ಷಿಣದಲ್ಲಿಯೂ 36ರಷ್ಟಿದ್ದರು. ಎಂದರೆ, ನಮ್ಮವರ ಮೈಯಲ್ಲಿ ರೋಗದ ಬೀಜವಿಲ್ಲವೆಂದಲ್ಲ; ಅದಕ್ಕೆ ನೀರೆರೆಯುವ ಗೋದಿ ನಮ್ಮ ಗಂಗಾಳದಲ್ಲಿ ಕಡಮೆಯಿದ್ದಿತು. ಆದರೆ ಈಶಾನ್ಯದವರು ನಮಗಿಂತ ತುಸುವೇ ಹೆಚ್ಚು ಗೋದಿ ತಿಂದು ಎಂಟು ಪಟ್ಟಿಗೂ ಮಿಕ್ಕು ರೋಗ ಪಡೆದಿರುವುದನ್ನು ನೋಡಿದರೆ ಗೋದಿಯ ತೂಕವೊಂದೇ ಕಾರಣವಲ್ಲವೆಂಬುದೂ ಸ್ಪಷ್ಟ. ಫಿನ್ಲೆಂಡಿನಲ್ಲಿಯೂ ಅದರ ಗಡಿಯಾಚೆಯ ರಷ್ಯದ ಕರೇಲಿಯದಲ್ಲಿಯೂ ಜನರ ಗೋದಿಯ ಬಳಕೆಯೂ ಆನುವಂಶಿಕ ಗುರುತೂ ಹೆಚ್ಚುಕಡಮೆ ಸಮಾನವಾಗಿದ್ದರೂ, ಮಕ್ಕಳಲ್ಲಿ ಸೀಲಿಯಾಕ್ ಫಿನ್ಲೆಂಡಿನಲ್ಲಿ 107ಕ್ಕೆ ಒಂದು, ಕರೇಲಿಯದಲ್ಲಿ 496ಕ್ಕೆ ಒಂದು ಎಂದು 2008ರ ವರದಿ ಹೇಳುತ್ತದೆ. ಸೋಂಕುಗಳು, ಕರುಳಿನ ಸೂಕ್ಷ್ಮಜೀವಿಗಳು, ಬಾಲ್ಯದ ಪರಿಸರ ಇವುಗಳ ಪಾತ್ರ ದೊಡ್ಡದಿರಬೇಕು.

ಗೋದಿಯೇ ಸ್ವಪ್ರತಿರಕ್ಷಾ ರೋಗಗಳ ಮೂಲವಾಗಿದ್ದ ಪಕ್ಷದಲ್ಲಿ ಜೋಳವನ್ನೇ ಉಂಡು ಬಾಳಿದ ದೇವದುರ್ಗ ಮಾನ್ವಿಗಳ ಜನರು ಅವುಗಳನ್ನು ಅರಿಯದೆ ಇರಬೇಕಾಗಿದ್ದಿತು. ಹಾಗೇನೂ ಇಲ್ಲ. ತೊನ್ನು, ಕೀಲುಗಳು ಬಾತು ಬೆರಳು ಸೊಟ್ಟಗಾಗುವ ಸಂಧಿವಾತ, ಸೋರಿಯಾಸಿಸ್, ಥೈರಾಯ್ಡಿನ ಬೇನೆ, ಮಕ್ಕಳ ಮಧುಮೇಹ ಇವೆಲ್ಲ ಈ ಸೀಮೆಗೂ ಪರಿಚಿತವಾದುವೇ. ದಿನಕ್ಕೆರಡು ಹೊತ್ತು ರೊಟ್ಟಿ ತಿಂದು ಗೋದಿಯನ್ನು ಹೋಳಿಗೆಯಲ್ಲಿ ಮಾತ್ರ ಕಂಡವರಿಗೂ ಅವು ತಗಲಿವೆ. ಗೋದಿಯನ್ನು ಬಿಟ್ಟರೆ ಸಂಧಿವಾತ ಹೋಗುವುದೆಂದು ಸಾರುವವರಿಗೆ ಇದಕ್ಕಿಂತ ನೇರವಾದ ಉತ್ತರವಿಲ್ಲವೆಂದು ನಾನು ತಿಳಿಯುತ್ತೇನೆ. ಹಾಗೆಂದು ಜೋಳವನ್ನು ಅಮೃತವೆಂದು ಹೊಗಳುವುದೂ ಸಲ್ಲದು. ಅನ್ಯ ಆಹಾರವಿಲ್ಲದೆ ಜೋಳವೊಂದನ್ನೇ ನಂಬಿದ ದಖ್ಖನಿನ ಬಡವರಲ್ಲಿ ಪೆಲ್ಲಾಗ್ರ ಎಂಬ ಚರ್ಮವ್ಯಾಧಿ ಕಾಣುತ್ತಿದ್ದುದನ್ನು ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಶ್ರೀಕಂಠಯ್ಯ ಅಭ್ಯಸಿಸಿ, ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲವು ಅದಕ್ಕೆ ಕಾರಣವಿರಬಹುದೆಂದು 1960ರಲ್ಲಿ ಸೂಚಿಸಿದರು. ಸಜ್ಜೆಯೊಂದನ್ನೇ ಅತಿಯಾಗಿ ತಿಂದರೆ, ಅಯೋಡಿನ್ ಕೊರತೆಯೂ ಸೇರಿ, ಗಳಗಂಡಕ್ಕೆ ಒತ್ತಾಸೆಯಾಗುವುದೂ ತಿಳಿದ ವಿಷಯ.

ಹೊಟ್ಟೆಬೇನೆ ಮತ್ತು ಜೋಳದ ರೊಟ್ಟಿ ಎಂದೊಡನೆ ಮಾನ್ವಿಯವರಿಗೆ ಜಗನ್ನಾಥದಾಸರ ಕಥೆ ನೆನಪಾಗದಿರದು. ಬೊಲೋನ್ಯದಲ್ಲಿ ಬೆಕ್ಕಾರಿಯು ಹಿಟ್ಟು ತೊಳೆದ 1728ರಲ್ಲಿಯೇ ಮಾನ್ವಿ ಸೀಮೆಯ ಬ್ಯಾಗವಾಟದಲ್ಲಿ ಹುಟ್ಟಿದರೆನ್ನಲಾದ ಈ ಪಂಡಿತರು, ಹಿರಿಯ ಹರಿದಾಸರಾದ ವಿಜಯದಾಸರ ಆಹ್ವಾನವನ್ನು ಅವಜ್ಞೆಮಾಡಿ ಉದರವ್ಯಾಧಿಗೆ ಗುರಿಯಾದರೆಂದೂ, ಅವರ ಶಿಷ್ಯ ಗೋಪಾಲದಾಸರು ಧನ್ವಂತರಿಯನ್ನು ಪ್ರಾರ್ಥಿಸಿ ಜೋಳದ ಭಕ್ಕರಿಯನ್ನು ಕೊಟ್ಟು, ತಮ್ಮ ಆಯುಷ್ಯದ ನಲವತ್ತು ವರ್ಷಗಳನ್ನೂ ಧಾರೆಯೆರೆದರೆಂದೂ ದಾಸಪರಂಪರೆಯ ಐತಿಹ್ಯ ಹೇಳುತ್ತದೆ. ಇದನ್ನು ಹಿಡಿದು, ದಾಸರಿಗೆ ಇದ್ದುದು ಸೀಲಿಯಾಕ್, ಭಕ್ಕರಿಯು ಗ್ಲೂಟೆನ್‌ರಹಿತ ಪಥ್ಯ ಎಂದು ಹೊಸಗಾಲದ ಉತ್ಸಾಹಿಗಳು ಬರೆಯದೆ ಬಿಡರು, ದಯಮಾಡಿ ಬರೆಯಬಾರದು. ಭಕ್ತರಿಗೆ ಅದು ಗುರುಕರುಣೆಯ ಕಥೆ, ರೋಗಿಯ ಚೀಟಿಯಲ್ಲ.

ಗ್ಲೂಟೆನ್ ನಿಜವಾಗಿ ಹಗೆಯಾದವರಿಗಾದರೋ ಈ ಸೀಮೆಯ ಊಟ ಒಂದು ಭಾಗ್ಯ. ಜೋಳದ ತಿನಿಸುಗಳು ಸೀಲಿಯಾಕ್ ರೋಗಿಗಳಿಗೆ ನಿರಪಾಯವೆಂಬುದನ್ನು 2007ರಲ್ಲಿ ಇಟಲಿಯ ಸಂಶೋಧಕರು ಪ್ರಯೋಗದಿಂದಲೇ ತೋರಿಸಿದ್ದಾರೆ. ಪಂಜಾಬಿನಲ್ಲಿ ಈ ರೋಗದ ಮಗು ಮನೆಯವರ ಊಟದಿಂದ ಬೇರೆಯಾಗಿ ಕುಳಿತುಕೊಳ್ಳಬೇಕು. ಇಲ್ಲಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು, ಅನ್ನ ಎಲ್ಲವೂ ಅದಕ್ಕೆ ಸಲ್ಲುತ್ತವೆ. ಮಂಡಾಳಿನ ಒಗ್ಗರಣೆಯೂ, ಬರಿಯ ಕಡಲೆಹಿಟ್ಟಿನದಾದರೆ ಮಿರ್ಚಿಭಜಿಯೂ ಸಲ್ಲುವುವು. ಅಪಾಯ ಅಡಗಿರುವುದು ಗಿರಣಿಯಲ್ಲಿ. ಒಬ್ಬರು ಗೋದಿ ಬೀಸಿಸಿಕೊಂಡು ಹೋದ ಕಲ್ಲಿಗೇ ಮುಂದಿನವರ ಜೋಳವನ್ನು ಸುರಿಯುತ್ತಾರೆ. ಕಲ್ಲಿನ ಸಂದಿನಲ್ಲಿಯೂ ಹಿಟ್ಟು ಬೀಳುವ ಬಟ್ಟೆಯ ಚೀಲದಲ್ಲಿಯೂ ಉಳಿದ ಗೋದಿಹಿಟ್ಟು ಜೋಳದ ಡಬ್ಬಿಗೆ ಬರುತ್ತದೆ. ಗ್ಲೂಟೆನ್‌ರಹಿತ ಎಂದು ಕರೆಸಿಕೊಳ್ಳಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂ ಗ್ಲೂಟೆನ್ ಮೀರಬಾರದೆಂಬುದು ಕಾನೂನು. ಒಂದು ಹಿಡಿ ಗೋದಿಹಿಟ್ಟು ಆ ಎಲ್ಲೆಯನ್ನು ಮೀರಿಸಲು ಸಾಕು. ಇಂಗಿನ ಡಬ್ಬಿಯೂ ಹಾಗೆಯೇ: ಅಂಗಡಿಯಲ್ಲಿ ಸಿಗುವ ಕೂಟು ಇಂಗಿಗೆ ಎಷ್ಟೋ ಸಲ ಮೈದಾ ಬೆರೆಸಿರುತ್ತಾರೆ, ಗೋದಿಯ ಸೋಂಕೇ ಇಲ್ಲದ ಸಾರಿಗೆ ಕೊನೆಯ ಒಗ್ಗರಣೆಯಲ್ಲಿ ಅದು ಸೇರುತ್ತದೆ. ಸಂಜೆಯ ಗಾಡಿಯ ಗೋಬಿ ಮಂಚೂರಿಯ ಮೈದಾ ಎಲ್ಲರಿಗೂ ಗೊತ್ತಿದ್ದುದೇ.

ರೋಗವು ಉಂಟೋ ಇಲ್ಲವೋ ಎಂಬುದನ್ನು ತಿಳಿಯುವ ಕ್ರಮ ಸರಳವಾದುದು. ಟ್ರಾನ್ಸ್‌ಗ್ಲುಟಮಿನೇಸಿನ ಪ್ರತಿಕಾಯಗಳನ್ನು ರಕ್ತದಲ್ಲಿ ನೋಡುವುದು, ಅವು ಕಂಡುಬಂದರೆ ಎಂಡೊಸ್ಕೋಪಿಯಿಂದ ಕರುಳಿನ ತುಣುಕನ್ನು ತೆಗೆದು ಪರೀಕ್ಷಿಸುವುದು. ಇದರಲ್ಲಿ ನಮ್ಮ ಸೀಮೆಗೆ ವಿಶೇಷವಾದ ಒಂದು ತೊಡಕುಂಟು. ಗೋದಿಯನ್ನು ತಿನ್ನುತ್ತಿರುವವರಲ್ಲಿ ಮಾತ್ರ ಈ ಪರೀಕ್ಷೆ ನಂಬತಕ್ಕದ್ದು. ಉಪದೇಶ ಕೇಳಿ ಗೋದಿ ಬಿಟ್ಟವರಲ್ಲಿಯೂ, ರೊಟ್ಟಿಯ ಊಟದವರಲ್ಲಿಯೂ ಪ್ರತಿಕಾಯಗಳು ಅಡಗಿರಬಹುದು. ಅಂಥವರು ವೈದ್ಯರ ಮೇಲ್ವಿಚಾರಣೆಯಲ್ಲಿ ಕೆಲವು ವಾರ ದಿನಕ್ಕೊಂದೆರಡು ಚಪಾತಿ ತಿಂದು ತರುವಾಯ ರಕ್ತ ಕೊಡಬೇಕಾದೀತು. ಕಬ್ಬಿಣದ ಗುಳಿಗೆಗಳನ್ನು ತಿಂಗಳುಗಟ್ಟಲೆ ನುಂಗಿದರೂ ರಕ್ತಹೀನತೆ ಹೋಗದ ಹೆಂಗಸರಲ್ಲಿಯೂ, ವಯಸ್ಸಿಗೆ ತಕ್ಕಂತೆ ಎತ್ತರವಾಗದ ಮಕ್ಕಳಲ್ಲಿಯೂ, ಇನ್ಸುಲಿನ್ ತೆಗೆದುಕೊಳ್ಳುವ ಮಕ್ಕಳಲ್ಲಿಯೂ ಈ ಪರೀಕ್ಷೆಯನ್ನು ಮರೆಯಬಾರದು. 2007ರಿಂದ ರಿಮ್ಸ್ ವೈದ್ಯಕೀಯ ಕಾಲೇಜೂ ಆಸ್ಪತ್ರೆಯೂ ಇರುವ ರಾಯಚೂರಿನಲ್ಲಿ ಇದು ಅಸಾಧ್ಯವಾದ ಕೋರಿಕೆಯಲ್ಲ. ಸೀಲಿಯಾಕ್ ಇದೆಯೆಂದು ತಿಳಿದವರು ಗೋದಿಯನ್ನು ಆಯುಷ್ಯಪರ್ಯಂತ, ಹಬ್ಬದ ದಿನದ ಹೋಳಿಗೆಯನ್ನೂ ಸೇರಿಸಿ, ಬಿಡಬೇಕು. ಉಳಿದವರಲ್ಲಿ ನನ್ನ ವಿನಂತಿ ಇಷ್ಟೇ: ಗೋದಿಯನ್ನು ಬಿಡಬೇಕೆನಿಸಿದರೆ ಬಿಡುವುದಕ್ಕೆ ಮುಂಚೆ ರಕ್ತಪರೀಕ್ಷೆ ಮಾಡಿಸಿಕೊಳ್ಳಿ, ಯಾವ ಪಥ್ಯವನ್ನು ನಂಬಿಯೂ ಥೈರಾಯ್ಡಿನ ಗುಳಿಗೆಯನ್ನಾಗಲಿ, ಸಂಧಿವಾತದ ಔಷಧವನ್ನಾಗಲಿ, ಮಗುವಿನ ಇನ್ಸುಲಿನ್ನನ್ನಾಗಲಿ ನಿಲ್ಲಿಸಬೇಡಿ.